ಉತ್ತೇಜಕ ಗುಳಿಗೆಯನ್ನು ಸೇವಿಸುವ ಮುನ್ನ

ಪರೀಕ್ಷೆ ಸಮೀಪಿಸಿದಾಗ ಗೆಳೆಯನ ಉತ್ತೇಜಕ ಗುಳಿಗೆಯು ವಿದ್ಯಾರ್ಥಿಯ ಮನಸ್ಸನ್ನು ಸೆಳೆಯಬಹುದು. 1944ರಲ್ಲಿ ಮೊದಲು ಸಿದ್ಧಪಡಿಸಲಾದ ಮೀಥೈಲ್‌ಫೆನಿಡೇಟ್, ಅವಧಾನದ ಕೊರತೆಯಿಂದ ಬಳಲುವವರಿಗೆ ಉಪಕಾರಿಯೇ ಸರಿ. ಆದರೆ ಅದು ನಾಡಿಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸಬಲ್ಲದು; ನಿದ್ರೆ, ಹಸಿವುಗಳನ್ನು ಕುಂದಿಸಬಲ್ಲದು. ಆದುದರಿಂದ ಸೇವನೆಗೆ ಮೊದಲು ವೈದ್ಯರು ಇವನ್ನೂ ದೇಹದ ತೂಕವನ್ನೂ ಪರೀಕ್ಷಿಸುವುದು ಅವಶ್ಯ. ಹಿಂದೆ ಮೂರ್ಛೆ, ಎದೆನೋವು, ಮನೋರೋಗಗಳಿದ್ದರೆ, ಮನೆತನದಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಹೃದಯಸ್ತಂಭನದಿಂದ ಮಡಿದಿದ್ದರೆ, ಬೇರೆ ಔಷಧ ಸೇವಿಸುತ್ತಿದ್ದರೆ ಮುಚ್ಚಿಡಬಾರದು. ಗೆಳೆಯನಿಗೆ ಗೊತ್ತುಮಾಡಿದ ಪ್ರಮಾಣ ಅವನ ದೇಹಕ್ಕಾಗಿ, ಇನ್ನೊಬ್ಬರ ದೇಹಕ್ಕಲ್ಲ. ದೇವದುರ್ಗ, ಮಾನ್ವಿಗಳಿಂದ ರಾಯಚೂರಿನ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಬರುವುದು ಪ್ರಯಾಸವೆನಿಸಬಹುದು; ಗುಳಿಗೆಯಾದರೋ ಗೆಳೆಯನ ಜೇಬಿನಲ್ಲೇ ಇದೆ. ಆದರೂ ಒಂದು ದಿನದ ಪ್ರಯಾಸಕ್ಕಿಂತ ಹೃದಯದ ಬೆಲೆ ಹೆಚ್ಚಿನದು. ವೈದ್ಯರ ಪರೀಕ್ಷೆ ಮುಗಿಯದೆ ಆ ಗುಳಿಗೆಯನ್ನು ಮುಟ್ಟಬಾರದೆಂಬುದೇ ನಮ್ಮ ಅಭಿಪ್ರಾಯ.