ನಿಂತ ಕ್ಯಾರವಾನ್‌ನ ಸುರಕ್ಷತೆ ಯಾರ ಹೊಣೆ?

ಕೇರಳದ ವಡಗರ ಬಳಿ 2024ರ ಡಿಸೆಂಬರ್‌ನಲ್ಲಿ ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್‌ ಒಂದರಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ವಾಹನ ಯಾವುದಕ್ಕೂ ಡಿಕ್ಕಿಯಾಗಿರಲಿಲ್ಲ, ಬೆಂಕಿಯೂ ಹೊತ್ತಿಕೊಂಡಿರಲಿಲ್ಲ. ಎ.ಸಿ.ಗೆ ವಿದ್ಯುತ್‌ ಕೊಡುತ್ತಿದ್ದ ಜನರೇಟರ್‌ನ ಹೊಗೆ ವಾಹನದ ತಳದಲ್ಲಿದ್ದ ರಂಧ್ರದಿಂದ ಒಳಗೆ ಸೇರಿತ್ತು. ಕ್ಯಾಲಿಕಟ್‌ ಎನ್‌ಐಟಿ ತಜ್ಞರು ಆ ಬಳಿಕ ಪರೀಕ್ಷೆ ನಡೆಸಿದಾಗ, ಎರಡು ಗಂಟೆಯೊಳಗೆ ಕಾರ್ಬನ್‌ ಮೊನಾಕ್ಸೈಡ್‌ ಪ್ರಮಾಣ 950 ಪಿಪಿಎಂ ದಾಟಿತ್ತು.

ಕ್ಯಾರವಾನ್‌ ಎಂದರೆ ಲಾರಿಯಂತೆ ಓಡುವ ಮನೆ. ಓಡುವಾಗಿನ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಅಷ್ಟಿಷ್ಟಾದರೂ ನಿಯಮಗಳಿವೆ, ತಪಾಸಣೆಯೂ ಇದೆ. ಅದು ಎಲ್ಲಾದರೂ ನಿಂತ ಕ್ಷಣದಿಂದ ಮಾತ್ರ ಕೇಳುವವರಿಲ್ಲ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್‌ ಪ್ರವಾಸಕ್ಕೆಂದು ‘ಕೆರವಾನ್‌ ಕೇರಳ’ ಯೋಜನೆ ಘೋಷಿಸಿತು. ನಮ್ಮಲ್ಲೂ ಬೆಂಗಳೂರಿನಿಂದ ಕೊಡಗು, ಚಿಕ್ಕಮಗಳೂರು, ಹಂಪಿ ಕಡೆಗೆ ಬಾಡಿಗೆ ಕ್ಯಾರವಾನ್‌ಗಳು ಹೊರಡುತ್ತಿವೆ. ಪ್ರವಾಸೋದ್ಯಮದ ಉತ್ಸಾಹಕ್ಕೆ ಸುರಕ್ಷತೆಯ ಸಿದ್ಧತೆ ಸಾಟಿಯಾಗಿಲ್ಲ.

ಮೋಟಾರ್‌ ಕ್ಯಾರವಾನ್‌ಗಳಿಗೆಂದೇ ಎಐಎಸ್‌–124 ಎಂಬ ಮಾನದಂಡ ದೇಶದಲ್ಲಿದೆ. ಹಳೆಯ ಟೆಂಪೊ ಟ್ರಾವೆಲರ್‌ ಕೊಂಡು, ಗ್ಯಾರೇಜಿನಲ್ಲಿ ಸೀಟು ಕಿತ್ತು ಮಂಚ, ಒಲೆ, ಇನ್ವರ್ಟರ್‌ ಕೂರಿಸಿದರೆ ಆ ಮಾನದಂಡಕ್ಕೆ ಅರ್ಥವೇ ಉಳಿಯುವುದಿಲ್ಲ. ತಯಾರಕರ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್‌ 52 ನಿಷೇಧಿಸುತ್ತದೆ. ವಾಯುಮಾಲಿನ್ಯ ತಪಾಸಣೆಯಲ್ಲಿ ಎಂಜಿನ್‌ ಹೊಗೆಯನ್ನು ಅಳೆಯುತ್ತಾರೆ. ಜನರೇಟರ್‌ ಹೊಗೆ ಎತ್ತ ಹೋಗುತ್ತದೆ ಎಂಬುದನ್ನು ಅದು ನೋಡುವುದಿಲ್ಲ.

ಕಾರ್ಬನ್‌ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಅದರ ಲಕ್ಷಣಗಳು. ದಿನವಿಡೀ ಪ್ರಯಾಣ ಮಾಡಿದವರು ಅದನ್ನು ದಣಿವೆಂದೇ ತಿಳಿದು ಮಲಗಿಬಿಡುತ್ತಾರೆ. ಆದ್ದರಿಂದ ಮಲಗುವ ಜಾಗದ ಹತ್ತಿರ ಈ ಅನಿಲ ಪತ್ತೆಹಚ್ಚುವ ಅಲಾರಂ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅದನ್ನು ಗುರುತಿಸುವ ಉಪಕರಣ ಕೆಳಗಡೆಯೇ ಇರಬೇಕು. ಜನರೇಟರ್‌ ಅಥವಾ ಎಂಜಿನ್‌ ಚಾಲೂ ಇಟ್ಟು ಮಲಗುವುದನ್ನಂತೂ ಪೂರ್ತಿ ಬಿಡಬೇಕು.

ಒಳಗಿನ ಅಪಾಯ ಇದಾದರೆ, ಹೊರಗಿನದು ಹಿಂದಿನಿಂದ ಬರುತ್ತದೆ. 2024ರ ಜೂನ್‌ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್‌ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್‌ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ಹೆದ್ದಾರಿಯಲ್ಲಿ ನಿಂತ ವಾಹನ ಎಷ್ಟು ದೊಡ್ಡ ಗಂಡಾಂತರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೆಟ್ಟು ನಿಂತ ಕ್ಯಾರವಾನ್‌ ಕೂಡ ಅದೇ ಲಾರಿಯ ಜಾಗದಲ್ಲಿರುತ್ತದೆ. ಒಳಗೆ ಜನ ಮಲಗಿರುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಗಂಟೆಗೆ 100 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್‌ ಕ್ರಮಿಸುತ್ತದೆ. ಹಿಂಬದಿ ಬಂಪರ್‌ ಪಕ್ಕದಲ್ಲೇ ಇಟ್ಟ ಎಚ್ಚರಿಕೆಯ ತ್ರಿಕೋನವಾಗಲಿ, ನಮ್ಮವರು ರೂಢಿಯಲ್ಲಿ ಇಡುವ ಕಲ್ಲು–ಸೊಪ್ಪಾಗಲಿ ಕಣ್ಣಿಗೆ ಬಿದ್ದು ಬ್ರೇಕ್‌ ಒತ್ತುವಷ್ಟರಲ್ಲಿ ಕಾಲ ಮೀರಿರುತ್ತದೆ. ತ್ರಿಕೋನವನ್ನು ಕನಿಷ್ಠ ನೂರು ಮೀಟರ್‌ ಹಿಂದೆ ಇಡಬೇಕು. ಪಂಚರ್‌ ಆದರೂ ರಿಮ್‌ ಹಾಳಾದರೆ ಆಗಲಿ ಎಂದು ನಿಧಾನಕ್ಕೆ ಓಡಿಸಿ, ಸರ್ವಿಸ್‌ ರಸ್ತೆಗೋ ಪೆಟ್ರೋಲ್‌ ಬಂಕ್‌ಗೋ ಸೇರುವುದು ಲೇಸು. ಅದು ಸಾಧ್ಯವಿಲ್ಲದಿದ್ದರೆ ಎಡ ಅಂಚಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್‌ ಹಾಕಿ, ಎಲ್ಲರನ್ನೂ ಎಡ ಬಾಗಿಲಿನಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಬೇಕು. ಮಳೆಯೆಂದು ಮಕ್ಕಳನ್ನು ಒಳಗೇ ಕೂರಿಸುವುದು ಕಾಳಜಿಯಲ್ಲ. ನೀರಿನ ಟ್ಯಾಂಕ್‌, ಬ್ಯಾಟರಿ, ಸಾಮಾನು ತುಂಬಿದ ವಾಹನವನ್ನು ಕಾರಿನ ಜಾಕ್‌ ತಾಳಲಾರದು. ರಾತ್ರಿ ಹೊತ್ತು ರಸ್ತೆ ಕಡೆಯ ಚಕ್ರ ಬಿಚ್ಚುವ ಸಾಹಸ ಬೇಡವೇ ಬೇಡ.

ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಉಳಿದೆಡೆ 112, ಆಂಬುಲೆನ್ಸ್‌ಗೆ 108 ಸಹಾಯವಾಣಿಗಳಿವೆ. ಕರೆ ಮಾಡಿದಾಗ ಹತ್ತಿರದ ಕಿಲೋಮೀಟರ್‌ ಕಲ್ಲಿನ ಸಂಖ್ಯೆ ಹಾಗೂ ಯಾವ ಊರಿನ ಕಡೆ ಹೊರಟಿದ್ದಿರಿ ಎಂಬುದನ್ನು ಹೇಳಿದರೆ ನೆರವು ಬೇಗ ತಲುಪುತ್ತದೆ. ಸಹಾಯಕ್ಕೆ ಬರುವವರೂ ಅಂಜಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ ಸೆಕ್ಷನ್‌ 134ಎ ಅವರಿಗೆ ಕಾನೂನಿನ ರಕ್ಷಣೆ ನೀಡಿದೆ. ಅದಕ್ಕೂ ಮೊದಲೇ ಕರ್ನಾಟಕ ತನ್ನದೇ ಕಾಯ್ದೆ ರೂಪಿಸಿ, 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದಿತ್ತು.

ಎಲ್ಲವನ್ನೂ ಪ್ರಯಾಣಿಕರ ಜಾಗ್ರತೆಗೇ ಬಿಡುವುದು ನ್ಯಾಯವಲ್ಲ. ನಿಲ್ಲಲು ಸುರಕ್ಷಿತ ಜಾಗ ಇಲ್ಲದಿದ್ದಾಗ ಜನ ರಸ್ತೆ ಬದಿಯಲ್ಲೇ ನಿಲ್ಲುತ್ತಾರೆ. ಹೆದ್ದಾರಿಗಳ ಲಾರಿ ನಿಲುಗಡೆ ತಾಣಗಳಲ್ಲಿ ಕ್ಯಾರವಾನ್‌ಗೂ ಜಾಗ, ವಿದ್ಯುತ್‌ ಪ್ಲಗ್‌ ಕೊಟ್ಟರೆ ರಾತ್ರಿಯಿಡೀ ಜನರೇಟರ್‌ ಓಡಿಸುವ ಪ್ರಮೇಯವೇ ಬರುವುದಿಲ್ಲ. ವಾಹನದ ಅರ್ಹತಾ ಪತ್ರ (ಎಫ್‌ಸಿ) ಕೊಡುವಾಗ ಜನರೇಟರ್‌ನ ಹೊಗೆ ಕೊಳವೆ, ತಳದ ರಂಧ್ರ, ಅನಿಲ ಅಲಾರಂ, ತುರ್ತು ನಿರ್ಗಮನ ದ್ವಾರಗಳನ್ನು ಆರ್‌ಟಿಒ ಪರಿಶೀಲಿಸಬೇಕು. ಬಾಡಿಗೆಗೆ ಕೊಡುವವರು ಕೀಲಿ ಕೈಗಿಡುವ ಮುನ್ನ ಇವನ್ನೆಲ್ಲ ತೋರಿಸಿ ವಿವರಿಸುವುದು ಕಡ್ಡಾಯವಾಗಬೇಕು. ಇಷ್ಟನ್ನೂ ಮಾಡದೆ ಕ್ಯಾರವಾನ್‌ ಪ್ರವಾಸಕ್ಕೆ ಜನರನ್ನು ಆಹ್ವಾನಿಸುವುದು ಸರ್ಕಾರಕ್ಕೂ ಉದ್ಯಮಕ್ಕೂ ಶೋಭೆಯಲ್ಲ.