ಗೃಹಯಂತ್ರ ವಿಚಾರ: ನಿಂತಲ್ಲಿ ನಡುಗುವ ಮೋಟಾರು

ಹಳೆಯ ಮೋಟಾರು ಗಾಡಿಯು ಓಡುವಾಗ ಮಾಡುವ ಗದ್ದಲವನ್ನು ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ನಿಂತಾಗ ಅದು ನಡುಗತೊಡಗಿದರೆ ಮಾತ್ರ ಎಲ್ಲರಿಗೂ ಚಿಂತೆ ಹತ್ತುತ್ತದೆ. 2025ರ ಶ್ರಾವಣದಲ್ಲಿ ಬೆಳಗಾವಿಯ ಸದಾಶಿವನಗರದ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಇಂಥ ಪ್ರಸಂಗವೊಂದು ಒದಗಿತು. ಅದನ್ನು ವಾಚಕರ ಮುಂದಿಡುವುದು ಉಪಯುಕ್ತವೆಂದು ತೋರುತ್ತದೆ. ಏಕೆಂದರೆ ಅದರಲ್ಲಿ ನಾವೂ ಒಂದು ತಪ್ಪು ಮಾಡಿದೆವು.

ಗಾಡಿಯು 1980ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾ ಕಾರಖಾನೆಯಲ್ಲಿ 1964ರಲ್ಲಿ ಫಿಯಾಟ್ 1100 ಡಿಲೈಟ್ ಎಂಬ ಹೆಸರಿನಿಂದ ಹುಟ್ಟಿ, 1974ರಿಂದ ಪದ್ಮಿನಿಯೆನಿಸಿ, ಶತಮಾನದ ಕೊನೆಯವರೆಗೂ ತಯಾರಾಗುತ್ತಿದ್ದ ಗಾಡಿಯಿದು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಯಂತ್ರ, ಸೋಲೆಕ್ಸ್ ಕಾರ್ಬ್ಯುರೇಟರು, ಸ್ಟೀರಿಂಗಿನ ಮಗ್ಗುಲಿಗೆ ಗೇರಿನ ಹಿಡಿಕೆ, ಮುಂದುಗಡೆ ಒಂದೇ ಉದ್ದನೆಯ ಆಸನ. ಈ ಆಸನವೇ ಇಲ್ಲಿ ಮುಖ್ಯವಾದುದು. ಮಿತ್ರರ ಮನೆಯಾಕೆ, ನಮ್ಮ ವೈನಿಯವರು, ಮೊಣಕಾಲು ಬೇನೆಯವರು. ಬೇರೆ ಗಾಡಿಗಳಲ್ಲಿ ಕುಳಿತು ಏಳುವುದು ಅವರಿಂದಾಗದು. ಇದರಲ್ಲಿ ಕಾಲು ನೀಡಿ ಕೂಡ್ರಬಹುದು. ವಾರಕ್ಕೆ ಎರಡು ಸಲ ಟಿಳಕವಾಡಿಗೆ ಚಿಕಿತ್ಸೆಗಾಗಿ ಹೋಗಿಬರುವುದು ಈ ಗಾಡಿಯ ಆಧಾರದಿಂದಲೇ.

ಅಂದು ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ರೈಲು ಹೋದ ಮೇಲೆ ಗಾಡಿ ಹೊರಡಬೇಕೆನ್ನುವಷ್ಟರಲ್ಲಿ ಯಂತ್ರವು ಗಡಗಡನೆ ನಡುಗಿ ಆರಿತು. ಮತ್ತೆ ಚಾಲೂ ಮಾಡಿದರೆ ಹಳಿಗಳ ನಡುವೆಯೇ ಇನ್ನೊಮ್ಮೆ ಆರಿತು. ಹಿಂದಿನವರು ಇಳಿದು ದೂಡಿದರು. "ಗೇಟಿನೊಳಗ ನಿಂತರ ನಾ ಹ್ಯಾಂಗ ಇಳೀಬೇಕ್ರಿ?" ಎಂದು ವೈನಿಯವರು ಕೇಳಿದ ಪ್ರಶ್ನೆಗೆ ಮಿತ್ರರಲ್ಲಿ ಉತ್ತರವಿರಲಿಲ್ಲ. ಪುಣೆಯಲ್ಲಿರುವ ಮಗನು ಗಾಡಿಯನ್ನು ಗುಜರಿಗೆ ಹಾಕಿರೆಂದು ಅಂದೇ ರಾತ್ರಿ ಫೋನಿನಲ್ಲಿ ಹೇಳಿದನು. ಸಾಲದುದಕ್ಕೆ ನೋಂದಣಿಯ ನವೀಕರಣವೂ ಸಮೀಪಿಸಿತ್ತು. ಖಾಸಗಿ ಗಾಡಿಗೆ ಮೊದಲ 15 ವರ್ಷ ಕಳೆದ ಮೇಲೆ 5 ವರ್ಷಕ್ಕೊಮ್ಮೆ ಅದನ್ನು ಮಾಡಿಸತಕ್ಕದ್ದಷ್ಟೆ.

ಮೊದಲು ನೋಡಿದ ಮಿಸ್ತ್ರಿಯು ಕಾರ್ಬ್ಯುರೇಟರಿನ ಎರಡು ತಿರುಪುಗಳನ್ನು ತಿರುವಿ, ಪೆಟ್ರೋಲನ್ನೂ ವೇಗವನ್ನೂ ಹೆಚ್ಚಿಸಿ, ನಡುಕವನ್ನು ನಿಲ್ಲಿಸಿಕೊಟ್ಟನು. ಆದರೆ ಹೊಗೆಯ ಪರೀಕ್ಷೆಯಲ್ಲಿ ಗಾಡಿ ಸೋತಿತು. ಇಷ್ಟು ಹಳೆಯ ಪೆಟ್ರೋಲು ಗಾಡಿಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡಾ 3ನ್ನು ಮೀರಕೂಡದು. ಪರೀಕ್ಷೆಯೂ ಯಂತ್ರವು ನಿಂತಲ್ಲಿ ತಿರುಗುತ್ತಿರುವಾಗಲೇ ನಡೆಯುವುದು. ಎರಡನೆಯ ಮಿಸ್ತ್ರಿಯು, "ಸಾಹೇಬ್ರ, ವಾಲ್ವ್ ಹೋಗ್ಯಾವ, ಇಂಜಿನ್ ಬಿಚ್ಚಬೇಕ್ರಿ" ಎಂದು ದೊಡ್ಡದೊಂದು ಮೊತ್ತವನ್ನು ಹೇಳಿದನು. ಆಗ ಮಿತ್ರರು ನಮ್ಮಲ್ಲಿಗೆ ಬಂದರು.

ನಿಂತ ಗಾಡಿಯ ಯಂತ್ರವು ಉಸಿರಾಡುವ ಬಗೆಯನ್ನು ಇಲ್ಲಿ ತಿಳಿಯಬೇಕು. ಕಾಲು ತೆಗೆದಾಗ ಕಾರ್ಬ್ಯುರೇಟರಿನ ಗಂಟಲಿನಲ್ಲಿರುವ ಥ್ರಾಟಲ್ ಎಂಬ ತಟ್ಟೆಯು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಯಂತ್ರವು ಬಲವಾಗಿ ಹೀರುತ್ತಿರುವುದರಿಂದ, ಪೈಲಟ್ ಜೆಟ್ಟೆಂಬ ಕೂದಲೆಳೆಯ ರಂಧ್ರದ ಮೂಲಕ ಅಲ್ಪವಾದ ಪೆಟ್ರೋಲು ಬರುತ್ತದೆ. ಈ ಸ್ಥಿತಿಯಲ್ಲಿ ಎಲ್ಲಿಂದಾದರೂ ಕಳ್ಳಗಾಳಿ ಹೊಕ್ಕರೆ ಮಿಶ್ರಣವು ತೆಳುವಾಗಿ ಯಂತ್ರವು ತೊದಲುತ್ತದೆ. ಕಾಲೊತ್ತಿದಾಗ ಒಳ್ಳೆಯ ದಾರಿಯಿಂದಲೇ ಗಾಳಿ ಧಾರಾಳವಾಗಿ ಬರುವುದರಿಂದ ಕಳ್ಳಗಾಳಿಯ ಪಾಲು ಲೆಕ್ಕಕ್ಕೆ ಬಾರದು. ಆದುದರಿಂದ ನಿಂತಾಗ ಮಾತ್ರ ನಡುಗಿ, ಓಡುವಾಗ ನೆಟ್ಟಗಿರುವ ಗಾಡಿಯಲ್ಲಿ ಮೊದಲ ಸಂಶಯವು ಜೆಟ್ಟಿನ ಮೇಲೆ, ಇಲ್ಲವೆ ಕಳ್ಳಗಾಳಿಯ ಮೇಲೆ. ಎಲ್ಲ ವೇಗದಲ್ಲೂ ಕುಂಟುವ ಗಾಡಿಯ ದೋಷವು ಹೆಚ್ಚಾಗಿ ಕಿಡಿಯಲ್ಲೋ ಸಿಲಿಂಡರಿನಲ್ಲೋ ಇರುತ್ತದೆ.

ನಾವು ಮೊದಲು ತಿರುಪುಗಳನ್ನು ಹಿಂದಿನ ಸ್ಥಿತಿಗೆ ತಂದೆವು, ನಡುಕವು ಮರಳಿತು. ದಪ್ಪ ರಬ್ಬರಿನ ಕೈಗವಸು ಹಾಕಿಕೊಂಡು ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಕ್ಷಣಕಾಲ ಬಿಡಿಸಿ ನೋಡಿದೆವು. ನಾಲ್ಕರಲ್ಲಿ ಯಾವುದನ್ನು ತೆಗೆದರೂ ಯಂತ್ರವು ಒಂದೇ ಸಮನಾಗಿ ಕುಗ್ಗಿತು. ಅಂದರೆ ನಾಲ್ಕೂ ಸಿಲಿಂಡರುಗಳು ದುಡಿಯುತ್ತಿದ್ದವು. ಕಂಪ್ರೆಷನ್ ಅಳೆಯುವ ಗೇಜೂ ನಾಲ್ಕಕ್ಕೆ ಹೆಚ್ಚುಕಡಮೆ ಒಂದೇ ಅಂಕೆ ತೋರಿಸಿತು. ವಾಲ್ವಿನ ಮಾತು ಅಲ್ಲಿಗೆ ಮುಗಿಯಿತು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರವು ಅರ್ಧ ಮಿಲಿಮೀಟರಿಗೆ ತುಸು ಕಡಮೆ, ಸರಿಯಾಗಿಯೇ ಇತ್ತು. ಜೆಟ್ಟನ್ನು ಬಿಚ್ಚಿ ಪಂಪಿನ ಗಾಳಿಯಿಂದ ಊದಿದೆವು. (ಇದಕ್ಕೆ ತಂತಿ ಚುಚ್ಚುವವರಿದ್ದಾರೆ. ರಂಧ್ರವು ತುಸು ಅಗಲವಾದರೂ ಆ ಜೆಟ್ಟು ಕೆಟ್ಟಂತೆಯೇ ಸರಿ.) ನಡುಕ ಹೋಗಲಿಲ್ಲ. ಆದರೆ ಬಿಸಿಯಾದ ಯಂತ್ರಕ್ಕೆ ಚೋಕನ್ನು ಎರಡು ನೂಲಿನಷ್ಟು ಎಳೆದೊಡನೆ ಅದು ಸಾಧುವಾಯಿತು. ಮಿಶ್ರಣವು ತೆಳುವಾಗಿದೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿಯಿಲ್ಲ.

ಇಲ್ಲಿ ನಾವು ಅವಸರಪಟ್ಟೆವು. ಕಾರ್ಬ್ಯುರೇಟರಿನ ಅಡಿಯ ಗ್ಯಾಸ್ಕೆಟ್ಟೇ ಸೋರುತ್ತಿದೆಯೆಂದು ಪರೀಕ್ಷಿಸದೆ ನಿಶ್ಚಯಿಸಿ, ಹೊಸದನ್ನು ಹಾಕಿದೆವು. ಗುಣ ಕಾಣದಿರಲು ಇನ್ನೊಂದನ್ನು ಹಾಕಿ ನಟ್ಟುಗಳನ್ನು ಬಿಗಿದೆವು. ಹೀಗೆ ಬಿಗಿದರೆ ಕಾರ್ಬ್ಯುರೇಟರಿನ ಮೃದುವಾದ ಪಾದವು ಬಾಗಿ ಹೊಸ ಸೋರಿಕೆ ಹುಟ್ಟುವುದೆಂದು ನಮಗೆ ಗೊತ್ತಿದ್ದಿತು; ಆದರೂ ಕೈ ಕೇಳಲಿಲ್ಲ. ಮರುದಿನ ಅದನ್ನು ಬಿಚ್ಚಿ, ಉಕ್ಕಿನ ಅಳತೆಪಟ್ಟಿಯನ್ನು ಅಡ್ಡವಿಟ್ಟು ಬೆಳಕಿಗೆ ಹಿಡಿದು ನೋಡಿದೆವು. ದೈವವಶದಿಂದ ಪಾದವು ಬಾಗಿರಲಿಲ್ಲ.

ಮಿತ್ರರು ಎಥನಾಲಿನ ಮೇಲೆ ಸಂಶಯಪಟ್ಟರು. ಶೇಕಡಾ 20ರಷ್ಟು ಎಥನಾಲು ಬೆರೆತ ಪೆಟ್ರೋಲಿನ ಮಾರಾಟವು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡಿತು. ಕಬ್ಬಿನ ಜಿಲ್ಲೆಯವರಾದ ನಾವು ಇದನ್ನು ಪೂರ್ತಿಯಾಗಿ ದೂರಲಾರೆವು! ಆದರೂ ಸಂಶಯವು ನಿರಾಧಾರವಲ್ಲ. ಶುದ್ಧ ಪೆಟ್ರೋಲಿನ ಒಂದು ತೂಕಕ್ಕೆ 14.7 ತೂಕ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಹಳೆಯ ಜೆಟ್ಟಿನಿಂದ ಅದು ತುಸು ತೆಳುವಾಗಿಯೇ ಉರಿಯುತ್ತದೆ. ಎಥನಾಲು ಹಳೆಯ ರಬ್ಬರು ನಳಿಗೆಗಳನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಗೆ ಇದು ಹಿತವಲ್ಲ. ನಳಿಗೆಗಳನ್ನು ಬದಲಿಸಿದೆವು, ಫ್ಲೋಟಿನ ಬಟ್ಟಲನ್ನು ತೊಳೆದೆವು. ಇದು ದೋಷವನ್ನು ಎತ್ತಿ ತೋರಿಸಿರಬಹುದೇ ಹೊರತು ಹುಟ್ಟಿಸಿರಲಿಲ್ಲ.

ಕೊನೆಗೆ, ಮೊದಲೇ ಮಾಡಬೇಕಾಗಿದ್ದುದನ್ನು ಮಾಡಿದೆವು. ಯಂತ್ರವು ತಿರುಗುತ್ತಿರುವಾಗ ಎಣ್ಣೆಯ ಬುಡ್ಡಿಯಿಂದ ಒಂದೊಂದು ಜೋಡಣೆಗೂ ಹನಿಹನಿಯಾಗಿ ಎಣ್ಣೆ ಬಿಟ್ಟೆವು. ಕೆಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಬಿಸಿ ಯಂತ್ರದ ಮೇಲೆ ಅದು ಬೆಂಕಿಗೆ ಆಹ್ವಾನ. ಈ ಕೆಲಸವನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಸರ್ವಥಾ ಮಾಡಲಾಗದು, ಹೊಗೆಯು ಪ್ರಾಣಕ್ಕೆ ಅಪಾಯಕರ; ಧೋತರದ ಚುಂಗನ್ನೂ ಫ್ಯಾನಿನಿಂದ ದೂರವಿಡಬೇಕು. ಗ್ಯಾಸ್ಕೆಟ್ಟಿನ ಸುತ್ತ ಏನೂ ಆಗಲಿಲ್ಲ, ಮ್ಯಾನಿಫೋಲ್ಡಿನಲ್ಲೂ ಆಗಲಿಲ್ಲ. ಥ್ರಾಟಲ್ ತಟ್ಟೆಯನ್ನು ಹೊತ್ತ ಅಡ್ಡಸಲಾಕೆಯ ತುದಿಗೆ ಎರಡು ಹನಿ ಬಿದ್ದೊಡನೆ ಯಂತ್ರದ ಸದ್ದೇ ಬದಲಾಯಿತು! ನಡುಕ ನಿಂತು, ವೇಗವೇರಿ, ಎಣ್ಣೆ ಒಳಸೇರಿದ ಮೇಲೆ ಪುನಃ ತೊದಲತೊಡಗಿತು. ಸಲಾಕೆಯನ್ನು ಹಿಡಿದು ಅಲುಗಿಸಿದರೆ ಬೆರಳಿಗೆ ಸಡಿಲು ತಿಳಿಯುತ್ತಿತ್ತು. ನಾಲ್ವತ್ತೈದು ವರ್ಷ ತಿರುಗಿ ತಿರುಗಿ ಅದರ ಕುಣಿಗಳು ಸವೆದಿದ್ದವು.

ಬೆಳಗಾವಿಯಲ್ಲಿರುವವರಿಗೆ ಇಂಥ ಕೆಲಸದಲ್ಲಿ ಒಂದು ಅನುಕೂಲವುಂಟು. ಎರಕದ ಕೆಲಸಕ್ಕೂ ಲೇತಿನ ಕೆಲಸಕ್ಕೂ ಹೆಸರಾದ ಊರಿದು. ಉದ್ಯಮಬಾಗದ ಸಣ್ಣ ಲೇತಿನವರೊಬ್ಬರು ಕುಣಿಗಳನ್ನು ಹದವಾಗಿ ಕೊರೆದು ಹಿತ್ತಾಳೆಯ ಬುಶ್ಶುಗಳನ್ನು ಕೂಡ್ರಿಸಿ, ಹೊಸ ಸಲಾಕೆಯೊಂದನ್ನು ಎರಡು ದಿನಗಳಲ್ಲಿ ಮಾಡಿಕೊಟ್ಟರು. ಜೋಡಿಸಿದ ಮೇಲೆ ಯಂತ್ರವನ್ನು ಚೆನ್ನಾಗಿ ಕಾಯಿಸಿ, ಮಿಶ್ರಣದ ತಿರುಪನ್ನು ಯಂತ್ರವು ತಡವರಿಸುವವರೆಗೆ ಒಳಗೆ ತಿರುವಿ, ಆಮೇಲೆ ಸಮವಾಗಿ ನಡೆಯುವಷ್ಟು ಮಾತ್ರ ಹೊರಗೆ ತಂದೆವು. ಹೊಗೆಯ ಪರೀಕ್ಷೆ ಸಲೀಸಾಗಿ ಕಳೆಯಿತು. ನವೀಕರಣದ ಕಾಗದಗಳೂ ಸಕಾಲದಲ್ಲಿ ಕೈಸೇರಿದವು.

ಮುಂದಿನ ಗುರುವಾರ ವೈನಿಯವರು ನಮ್ಮನ್ನೂ ಜೊತೆಗೆ ಕರೆದೊಯ್ದರು. ಗೇಟು ಹಾಕಿತ್ತು. ಮಿತ್ರರು ಯಂತ್ರವನ್ನು ಆರಿಸಲು ಕೀಲಿಗೆ ಕೈಯಿಡಲು, "ಇರಲಿ ಬಿಡ್ರಿ, ಕೇಳೋಣ" ಎಂದು ವೈನಿಯವರು ತಡೆದರು. ರೈಲು ಹೋಗುವವರೆಗೂ ಮೂವರೂ ಅದನ್ನೇ ಕೇಳುತ್ತ ಕುಳಿತಿದ್ದೆವು.