ನಂಜು ರೂಪಕವಲ್ಲ, ಪ್ರೋಟೀನು

ವಿಷ ಕುಡಿದು ಲೋಕ ಉಳಿಸಿದ ನಂಜುಂಡನ ಹೆಸರನ್ನು ಮನೆಮನೆಯಲ್ಲಿ ಇಟ್ಟುಕೊಂಡ ಸೀಮೆ ನಂಜನಗೂಡು. ಆದರೆ ಕಪಿಲೆಯ ಬಯಲಲ್ಲಿ, ಅತ್ತ ತಿ. ನರಸೀಪುರದ ಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಆ ದೇವರ ಗಂಟಲಿಲ್ಲ. ಹಾವಿಗೆ ಕಾಲು ಕೊಡುವವರು ಅವರೇ.

ನಮ್ಮ ಕತೆ, ನಾಟಕಗಳಲ್ಲಿ ಹಾವು ಕಾಮವಾಗುತ್ತದೆ, ಸೇಡಾಗುತ್ತದೆ. ಹೊಲದಲ್ಲಿ ಅದು ಬರೀ ಹಾವು. ಅದರ ನಂಜು ಬಹುಪಾಲು ಪ್ರೋಟೀನು. ನಾಗರಹಾವಿನ ಒಂದು ಬಗೆಯ ಪ್ರೋಟೀನು ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗದಲ್ಲಿ ಕೂತು ಉಸಿರು ನಿಲ್ಲಿಸುತ್ತದೆ.

ಇದಕ್ಕೆ ನಮ್ಮ ಆಸ್ಪತ್ರೆಗಳಲ್ಲಿರುವುದು 1890ರ ದಶಕದ ವಿಧಾನದ ಮದ್ದು: ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯ ತೆಗೆಯುವುದು. ಇವತ್ತಿಗೂ ಜೀವ ಉಳಿಸುವುದು ಅದೇ. ಆದರೆ ಕೆಲವರಿಗೆ ಅದೇ ಒಗ್ಗುವುದಿಲ್ಲ. ಊರಿಂದೂರಿಗೆ ವಿಷ ಬದಲಾದಂತೆ ಅದರ ಬಲವೂ ಕುಗ್ಗುತ್ತದೆ.

2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆಗೂಡಿ, ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ಮಾನವ ಪ್ರತಿಕಾಯವೊಂದನ್ನು ರೂಪಿಸಿತು. ಅದೇ ವರ್ಷ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ಬಳಗ, 2025ರ ಜನವರಿಯಲ್ಲಿ, ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಹೊಸ ಪ್ರೋಟೀನುಗಳಿಂದ ವಿಷವುಂಡ ಇಲಿಗಳನ್ನು ಉಳಿಸಿ ತೋರಿಸಿತು.

ಈ ಮಾತೆತ್ತಿದರೆ ನಮ್ಮ ಸಾಹಿತ್ಯದ ಗೆಳೆಯರು ಮೂಗು ಮುರಿಯುತ್ತಾರೆ. ಪ್ರಕೃತಿಯಲ್ಲಿ ಇಲ್ಲದ್ದನ್ನು ಸೃಷ್ಟಿಸುವುದು ಅಹಂಕಾರವಂತೆ. ಹಾಗಾದರೆ ಹಾವಿನ ವಿಷ ಪ್ರಕೃತಿಯದ್ದಲ್ಲವೇ? ಹಿಂದೆ ಇಲ್ಲದ ವಾಕ್ಯ ಕಟ್ಟುವುದನ್ನು ಪ್ರತಿಭೆ ಎನ್ನುವ ನಾವು, ಹಿಂದೆ ಇಲ್ಲದ ಮದ್ದು ಕಟ್ಟುವುದನ್ನು ಪಾಪ ಎನ್ನುವುದು ಯಾವ ನ್ಯಾಯ?

ನನ್ನ ತಕರಾರು ಬೇರೆ. ಈ ಎರಡೂ ಕೆಲಸ ನಾಗರಹಾವು, ಕಟ್ಟುಹಾವುಗಳ ಕುಲದ ವಿಷದ ಮೇಲೆ. ನಮ್ಮ ಹೊಲಗಳ ಕೊಳಕುಮಂಡಲದ ವಿಷವೇ ಬೇರೆ. ಅದು ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಗರು. ಕೂಲಿಯವರ ಸಾವಿಗೆ ಮಾರುಕಟ್ಟೆ ಇಲ್ಲ; ಆದ್ದರಿಂದ ಕಂಪನಿಗಳು ತಾವಾಗಿ ಬರಲಾರವು.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದು. ಆದರೆ ಸತ್ತವರನ್ನು ಎಣಿಸಿದರೆ ಸಾಲದು. ಕೊಳಕುಮಂಡಲದ ವಿಷಕ್ಕೆ ಎದುರು ಪ್ರೋಟೀನು ಹುಡುಕುವ ಕೆಲಸಕ್ಕೆ ನಮ್ಮ ತೆರಿಗೆಯ ಹಣ ಹೋಗಲಿ. ಹಾಗೆಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಗಳ ಕೆಲಸ ಮಾತ್ರವಲ್ಲ. ಹಾವನ್ನು ಇಷ್ಟು ಕಾಲ ರೂಪಕವಾಗಿ ಬಳಸಿಕೊಂಡ ನಮ್ಮ ಮೇಲೂ ಆ ಸಾಲವಿದೆ.